ಆ ಚಿಪ್ಪುಗಳು ನನ್ನವೇ

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿದ್ದೇನೆ. ಕಾರಣ ಕೇಳಿದರೆ ನೌಕರಿ ಇತ್ತು, ಮಕ್ಕಳ ಮದುವೆ ಇತ್ತು, ಕಣ್ಣಿನ ಆಪರೇಶನ್ ಇತ್ತು ಎಂದೆಲ್ಲ ಹೇಳಬಲ್ಲೆ. ಅವೆಲ್ಲ ನೆವ. ಅವ್ವ ಇರುವವರೆಗೆ ಬೇಡ ಎಂದುಕೊಂಡೆ, ಅವ್ವ ಹೋದಳು. ಹೆಂಡತಿ ಇರುವವರೆಗೆ ಬೇಡ ಎಂದುಕೊಂಡೆ, ಅವಳೂ ಹೋದಳು. ಈಗ ಹೇಳಿದರೆ ನನಗೆ ಯಾವ ನಷ್ಟವೂ ಇಲ್ಲ. ನಷ್ಟವಿಲ್ಲದ ಕಾಲಕ್ಕೆ ಕಾದು ಕೂತು ಹೇಳುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಮುಂಡಗೋಡ ತಾಲೂಕಿನ ಇಂದೂರಿನವನು. ಹೈಸ್ಕೂಲು ಮುಗಿಸಿ ದಾಂಡೇಲಿಯ ಕಾಗದದ ಕಾರ್ಖಾನೆಗೆ ಸೇರಿದ್ದೆ. ಕೋಗಿಲಬನದ ದಾರಿಯಲ್ಲಿದ್ದ ಒಂದು ಚಾಳದಲ್ಲಿ ನನ್ನ ಖೋಲಿ. ಚಾಳದ ಮಾಲೀಕರು ಹಳಿಯಾಳದ ಕಿರಾಣಿ ವ್ಯಾಪಾರಿ, ಅಪ್ಪನ ಕಡೆಯಿಂದ ದೂರದ ಸಂಬಂಧ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಬಾಡಿಗೆಗೆ ಬರುವವರಿಗೆಲ್ಲ ಅವರ ಕರಾರು ಒಂದೇ: ಚಾಳದೊಳಗೆ ಮೀನು, ಮಾಂಸ ಬೇಯಬಾರದು.

ಪಕ್ಕದ ಖೋಲಿಯಲ್ಲಿ ಜೋಯಿಡಾ ಕಡೆಯ ಕೊಂಕಣಿ ಮಂದಿ. ಗಂಡ ನನ್ನ ಪಾಳಿಯಲ್ಲೇ ಬಾಯ್ಲರ್ ಕೆಲಸಕ್ಕಿದ್ದ. ನಾನು ಓದಿದವನೆಂದು ನನ್ನನ್ನು ಚೇಷ್ಟೆಗೆ ಮಾಸ್ತರ ಎಂದು ಕರೆಯುತ್ತಿದ್ದ. ಅವನ ಹೆಂಡತಿಯನ್ನು ನಾನು ವೈನಿ, ಎಂದರೆ ಅತ್ತಿಗೆ, ಎನ್ನುತ್ತಿದ್ದೆ. ಅವರಿಗೊಬ್ಬಳು ಮಗಳು. ಒಂದು ಕಾಲು ಎಳೆದು ನಡೆಯುತ್ತಿದ್ದಳು. ಶಾಲೆ ನಮ್ಮ ಚಾಳದ ಹಿಂದಿನ ಓಣಿಯಲ್ಲೇ ಇತ್ತು.

ವೈನಿಯ ತಮ್ಮ ಲಾರಿಯ ಮೇಲೆ ಕಾರವಾರದ ಕಡೆಯಿಂದ ಬಂದಾಗ ಒದ್ದೆ ಗೋಣಿಚೀಲದಲ್ಲಿ ತಿಸರಿ ತಂದುಕೊಡುತ್ತಿದ್ದ. ತಿಸರಿ ಎಂದರೆ ಅಳಿವೆಯ ಉಸುಕಿನಲ್ಲಿ ಸಿಗುವ, ಎರಡು ಚಿಪ್ಪು ಮುಚ್ಚಿಕೊಂಡಿರುವ ಸಣ್ಣ ಜೀವ. ಒಂದು ಸಂಜೆ ಗೋಡೆಯಾಚೆಯಿಂದ ಹುರಿದ ಕೊಬ್ಬರಿಯ ಜೊತೆ ಏನೋ ಬೇರೆಯದೇ ವಾಸನೆ ಬಂತು. ಹೋಗಿ ಬಾಗಿಲಲ್ಲಿ ನಿಂತೆ. ವೈನಿ ಗಾಬರಿಯಾಗಿ ಪಾತ್ರೆಗೆ ಮುಚ್ಚಳ ಎಳೆದರು.

“ಭಾವಜಿ, ಮಾಲೀಕರಿಗೆ ಹೇಳಬ್ಯಾಡ್ರಿ. ಈ ಖೋಲಿ ಸಿಗೂತನಕ ಎಷ್ಟ ಬಾಗಿಲಾ ಬಡದೇವಿ, ಆ ದೇವರಿಗೇ ಗೊತ್ತು. ಸಾಲಿ ಇಲ್ಲೇ ಬಾಜೂಕ ಐತಿ, ಪೋರಿ ಹೆಂಗರ ಹೋಗಿ ಬರ್ತಾಳ.”

“ನಾ ಯಾಕ ಹೇಳ್ಲಿ ವೈನಿ. ಆದ್ರ ಏನದು, ಇಷ್ಟ ವಾಸನಿ?”

“ವಾಸನಿ ಅಲ್ರೀ ಮಾಸ್ತರ, ಘಮಾ ಅನ್ರಿ,” ಎಂದು ಗಂಡ ನಕ್ಕ.

ವೈನಿ ಒಂದು ಚಿಪ್ಪು ತೆಗೆದು ತೋರಿಸಿದರು. ನಮ್ಮವರು ಇಂಥದ್ದನ್ನು ಮುಟ್ಟುವುದಿಲ್ಲ ಎಂದೆ. “ಎಲಿಗೆ ಹಚ್ಚತೀರಲ್ಲ ಸುಣ್ಣಾ, ಅದು ಎಲ್ಲಿಂದ ಬರತೈತಿ? ಇದರ ಚಿಪ್ಪಾ ಸುಟ್ಟ ಮಾಡ್ತಾರ. ಇದರ ಮನಿ ದಿನಾ ತಿಂತೀರಿ, ಒಳಗಿನಾಂವ ಏನ್ ಪಾಪಾ ಮಾಡ್ಯಾನ?” ಎಂದರು ವೈನಿ. ಅವರು ಚಿಪ್ಪುಗಳನ್ನು ಹೊರಗೆ ಎಸೆಯುತ್ತಿರಲಿಲ್ಲ. ತೊಳೆದು, ಒಣಗಿಸಿ, ಚೀಲಕ್ಕೆ ತುಂಬಿ, ಸುಣ್ಣ ಸುಡುವವನು ಬಂದಾಗ ಕೊಟ್ಟುಬಿಡುತ್ತಿದ್ದರು. ಮಾಲೀಕರ ಕಣ್ಣಿಗೆ ಒಂದು ಚೂರೂ ಬೀಳಬಾರದಲ್ಲ.

ಅಂದು ನಾನು ತಿಂದೆ. ಮುರುಗಲ ಸಿಪ್ಪೆಯ ಹುಳಿ ಬಿಟ್ಟ ತೆಳ್ಳನೆಯ ಸಾರು, ಅನ್ನ. ಯಾರೂ ಒತ್ತಾಯ ಮಾಡಲಿಲ್ಲ. ಬಟ್ಟಲು ಎರಡನೆಯ ಸಲ ಚಾಚಿದವನು ನಾನೇ. ಆಮೇಲೆ ಬೇರೆ ಬೇರೆ ಬಗೆ ತಿಂದೆ. ಕೊಬ್ಬರಿ, ಕೊತ್ತಂಬರಿ ಬೀಜ, ಕೆಂಪು ಮೆಣಸಿನಕಾಯಿ ಹುರಿದು ಅರೆದು ಒಣಒಣವಾಗಿ ಮಾಡಿದ ಸುಕ್ಕೆ. ಬೇಸಿಗೆಯ ಕೊನೆಗೆ ಹಲಸಿನ ಬೀಜ ಹಾಕಿದ ಗಟ್ಟಿ ಹುಳಿ. ಬರೀ ಮಾಂಸ ಬಿಡಿಸಿ ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿದದ್ದು. ಎಲ್ಲಕ್ಕಿಂತ ನನಗೆ ಸೇರಿದ್ದು ಏಕಶಿಪ್ಪಿ. ಅದರಲ್ಲಿ ಒಂದು ಚಿಪ್ಪು ಕಿತ್ತು, ಇನ್ನೊಂದರಲ್ಲಿ ಮಾಂಸ ಹಾಗೇ ಬಿಟ್ಟು ಮಸಾಲೆಯಲ್ಲಿ ಬೇಯಿಸುತ್ತಾರೆ. ಚಿಪ್ಪು ಹಿಡಿದು ಹೀರಬೇಕು.

ಅವ್ವ ಇಂದೂರಿನಿಂದ ಬಂದು ತಿಂಗಳುಗಟ್ಟಲೆ ನನ್ನ ಜೊತೆ ಇರುತ್ತಿದ್ದಳು. ಆಗ ತಿನ್ನುವುದು ಹೇಗೆ? ಮರಾಠಿಯಲ್ಲಿ ತಿಸರಿ ಎಂದರೆ ಮೂರನೆಯದು. ಕಾರ್ಖಾನೆಯ ಮರಾಠಿ ಮಂದಿ ರಾತ್ರಿಯ ಮೂರನೆಯ ಪಾಳಿಗೂ ತಿಸರಿ ಎನ್ನುತ್ತಿದ್ದರು, ಅವ್ವನಿಗೂ ಆ ಮಾತು ರೂಢಿಯಾಗಿತ್ತು. ಆ ಪಾಳಿಯ ವಾರದಲ್ಲಿ ವೈನಿಯ ಗಂಡ ನಮ್ಮ ಬಾಗಿಲಲ್ಲಿ ನಿಂತು, “ಮಾಸ್ತರ, ಇವತ್ತ ತಿಸರಿ ಐತಿ, ಲಗೂ ಹೋಗೂಣು,” ಎಂದು ಕೂಗುತ್ತಿದ್ದ.

“ತಿಸರಿ ಅಂತ ಸೋಮವಾರದಿಂದ ಗೊತ್ತೈತಿ,” ಎಂದು ಅವ್ವ ಒಳಗಿಂದ ಗೊಣಗುವಳು. “ಇಂವ ಯಾಕ ಇವತ್ತ ಡಂಗುರಾ ಹೊಡೀತಾನ?”

ನಾವಿಬ್ಬರೂ ಇಳಿಬಿಸಿಲಿನಲ್ಲೇ ಹೊರಟು ಕಾಳಿ ನದಿಯ ದಂಡೆಯಲ್ಲಿ ಕೂತು, ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿಯನ್ನು ವೈನಿಯ ಡಬ್ಬಿಯಲ್ಲಿ ಅದ್ದಿ ತಿನ್ನುತ್ತಿದ್ದೆವು. ತಿಂದ ಮೇಲೆ ಅವನು ಬೀಡಿ ಹಚ್ಚಿ ಸುಮ್ಮನೆ ಕೂರುತ್ತಿದ್ದ. ನಾನು ಮಾತ್ರ ಕೈ ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲವೆಂದು ಉಸುಕು ತಿಕ್ಕಿ ತಿಕ್ಕಿ ಬೈದುಕೊಳ್ಳುತ್ತಿದ್ದೆ. ಬಾಯಿಗೆ ಬೇಕು, ಬೆರಳಿಗೆ ಬೇಡ. ಇಪ್ಪತ್ತೆರಡು ದಾಟಿದ ಗಂಡಸು, ದುಡಿಯುವವನು, ನನ್ನ ಖೋಲಿಯಲ್ಲಿ ನನಗೆ ಬೇಕಾದ್ದನ್ನು ಬೇಯಿಸಿ ತಿನ್ನಲಾರೆನಲ್ಲ ಎಂದು ಹಲ್ಲು ಕಡಿಯುತ್ತಿದ್ದೆ.

ಒಂದು ಸಲ ಅವ್ವ ಸುಗ್ಗಿಗೆಂದು ಊರಿಗೆ ಹೋದಳು. ನಾನು ವೈನಿಯ ಹತ್ತಿರ ಎರಡು ಬೊಗಸೆ ತಿಸರಿ ಕೇಳಿದೆ.

“ನಾ ಮಾಡಿ ಕೊಡ್ತೇನಿ, ತಡೀರಿ.”

“ಬ್ಯಾಡ. ನಾನ ಮಾಡ್ಕೋತೇನಿ.”

“ಅಯ್ಯ, ಗಂಡಸರ ಅಡಗಿ! ಹಂಗಾರ ನೀರಾಗ ಇಡ್ರಿ, ಉಸುಕ ಬಿಡ್ಲಿ. ಮತ್ತ—”

ಮುಂದಿನದನ್ನು ನಾನು ಕೇಳಿಸಿಕೊಳ್ಳಲಿಲ್ಲ. ನೋಡಿ ನೋಡಿ ಎಲ್ಲ ಬರುತ್ತದೆಂದು ತಿಳಿದಿದ್ದೆ. ನೀರಿನಲ್ಲಿ ಇಟ್ಟು ಕಾಯುವಷ್ಟು ತಾಳ್ಮೆ ಇರಲಿಲ್ಲ. ಬೇಳೆ ಬೇಯಿಸುವಂತೆ ಒಲೆಗೇರಿಸಿ, ಮುಷ್ಟಿ ಉಪ್ಪು ಹಾಕಿ, ಬೇಳೆ ಬೇಯುವಷ್ಟೇ ಹೊತ್ತು ಕುದಿಸಿದೆ. ಬಾಯಿಗಿಟ್ಟರೆ ಸೈಕಲ್ ಟ್ಯೂಬು. ಹಲ್ಲಿಗೆ ಕರಕರ ಉಸುಕು. ಉಪ್ಪು ಎಷ್ಟೆಂದರೆ ನಾಲಿಗೆ ಸುಟ್ಟಂತಾಯಿತು. ಉಳಿದದ್ದರಲ್ಲಿ ಕೆಲವನ್ನು ಬಿಡಿಸಿ ರವೆ ಹಚ್ಚಿ ಎಣ್ಣೆಗೆ ಹಾಕಿದೆ. ರವೆ ಒಂದು ಕಡೆ, ಮಾಂಸ ಒಂದು ಕಡೆ. ಎಣ್ಣೆ ಸಿಡಿದು ಮುಂಗೈ ಸುಟ್ಟಿತು. ಸಿಟ್ಟಿಗೆದ್ದು ಪಾತ್ರೆಯಲ್ಲಿದ್ದದ್ದನ್ನೆಲ್ಲ, ತೆರೆಯದ ಚಿಪ್ಪುಗಳನ್ನೂ ಸೇರಿಸಿ, ನನ್ನ ಹಿತ್ತಲ ಬೂದಿಗುಂಡಿಗೆ ಸುರಿದು ಮೇಲೆ ಬೂದಿ ಎಳೆದೆ. ವೈನಿಗೆ ಹೇಳಲು ನಾಚಿಕೆ. ಚಲೋ ಆಗಿತ್ತು ಎಂದೆ.

ಮರುದಿನ ಬೆಳಿಗ್ಗೆ, ಇನ್ನೂ ನಾಲ್ಕು ದಿನ ಬಿಟ್ಟು ಬರಬೇಕಿದ್ದ ಅವ್ವ ಹಳಿಯಾಳದ ಬಸ್ಸಿನಿಂದ ಇಳಿದಳು. ಜೊತೆಗೆ ಕಾಕಾ. ಅವರ ತಂಗಿಯ ಮಗಳನ್ನು ನನಗೆ ಕೊಡುವ ಮಾತು ಎದ್ದಿತ್ತು, ಹುಡುಗನ ಖೋಲಿ ನೋಡಲು ಬಂದಿದ್ದರು. ಅವ್ವ ಬಂದವಳೇ ಒಲೆ ಬಳಿದು ಬೂದಿ ಚೆಲ್ಲಲು ಹಿತ್ತಲಿಗೆ ಹೋದಳು. ನಾಯಿ ಆಗಲೇ ಗುಂಡಿ ಕೆದರಿತ್ತು.

“ಶಿವ ಶಿವಾ! ಏನಿದು ಹೊಲಸ?”

ಕಾಕಾ ಎದ್ದು ಹೋಗಿ ನೋಡಿದರು. ಚಿಪ್ಪಿನಲ್ಲಿ ಮಾಂಸ ಅಂಟಿಕೊಂಡೇ ಇತ್ತು. ಅವರು ಮೊದಲು ನನ್ನ ಕಡೆ ನೋಡಿದರು. ಆ ಒಂದು ನೋಟಕ್ಕೆ ನಾನು ಉತ್ತರ ಹುಡುಕಲೇ ಇಲ್ಲ, ಅದು ತಾನಾಗಿಯೇ ಬಾಯಿಗೆ ಬಂತು.

“ಬಾಜೂ ಖೋಲಿಯಾವರ್ರಿ ಕಾಕಾ. ಅವರು ಮಾಡ್ತಾರ, ಇಲ್ಲಿ ತಂದ ಒಗೀತಾರ. ನಾ ಎಷ್ಟ ಸಲಾ ಹೇಳೇನಿ.”

ಎಷ್ಟು ಸಲವೋ ಹೇಳಿದ್ದೇನಂತೆ! ಕೇಳದೆ ಇದ್ದದ್ದನ್ನೂ ಸೇರಿಸಿದೆ.

ಕಾಕಾ ವೈನಿಯನ್ನು ಕರೆಸಿದರು. ಗಂಡ ಆಗ ಪೇಟೆಗೆ ಹೋಗಿದ್ದ. ವೈನಿ ಸೆರಗು ಹೊದ್ದು ಬಂದು ಗುಂಡಿಯ ಹತ್ತಿರ ನಿಂತರು. “ಇದು ನಿಮ್ಮದೇನ್ರಿ?” ಎಂದು ಕಾಕಾ ಕೇಳಿದರು. ವೈನಿ ಚಿಪ್ಪುಗಳನ್ನು ನೋಡಿದರು. ಆಮೇಲೆ ನನ್ನ ಮುಂಗೈಯ ಸುಟ್ಟ ಬೊಬ್ಬೆ ನೋಡಿದರು. ಅವರ ಚಿಪ್ಪುಗಳೆಲ್ಲ ಚೀಲದಲ್ಲಿರುತ್ತವೆ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ನಾನು ನೆಲ ನೋಡುತ್ತ ನಿಂತೆ.

“ಹೌದ್ರಿ,” ಎಂದರು ವೈನಿ. “ನಮ್ಮದ.”

“ಕರಾರ ಏನಿತ್ತು?”

“ಗೊತ್ತೈತ್ರಿ.”

“ಅಮಾಸಿ ಒಳಗ ಖೋಲಿ ಖಾಲಿ ಮಾಡ್ರಿ.”

ವೈನಿ ಬಗ್ಗಿ ಒಂದೊಂದೇ ಚಿಪ್ಪು ಆರಿಸಿ ಬುಟ್ಟಿಗೆ ಹಾಕಿಕೊಂಡರು. ಅವ್ವ ದೂರದಿಂದಲೇ “ಅಲ್ಲೊಂದೈತಿ ನೋಡ್ರಿ, ಇಲ್ಲೊಂದೈತಿ” ಎಂದು ತೋರಿಸುತ್ತಿದ್ದಳು.

ಅಮಾವಾಸ್ಯೆಗೆ ಮೊದಲೇ ಅವರು ಹೋದರು. ಊರ ಹೊರಗೆ, ಕಟ್ಟಿಗೆ ಡಿಪೋದ ಹಿಂದೆ, ಒಂದು ತಗಡಿನ ಮನೆ. ಅಲ್ಲಿಂದ ಶಾಲೆ ಬಹಳ ದೂರ. ಗಂಡ ಪಾಳಿಯಲ್ಲಿ ಸಿಕ್ಕಾಗ ಜಗಳ ಮಾಡಲಿಲ್ಲ, ಮಾಸ್ತರ ಎಂದು ಕರೆಯುವುದನ್ನು ಮಾತ್ರ ಬಿಟ್ಟ. “ಸ್ವಲ್ಪ ಸರೀರಿ,” ಎನ್ನುವನು, ದಾರಿಯಲ್ಲಿ ಅಡ್ಡ ನಿಂತ ಯಾರಿಗಾದರೂ ಹೇಳಿದಂತೆ. ಜಗಳವಾಡಿದ್ದರೆ ನಾನೂ ನಾಲ್ಕು ಮಾತು ಅನ್ನಬಹುದಿತ್ತು, ನಿಜ ಹೇಗೋ ಹೊರಬೀಳುತ್ತಿತ್ತು. ಅವನು ಆ ದಾರಿಯನ್ನೂ ಮುಚ್ಚಿದ. ಒಮ್ಮೆ ಡಿಪೋದವರೆಗೆ ಹೋದೆ. ತಗಡಿನ ಮನೆ ಕಾಣಿಸುವಷ್ಟು ಹತ್ತಿರ ಹೋಗಿ, ಬಿಸಿಲು ಬಹಳವಾಯಿತೆಂದು ಹಿಂದೆ ಬಂದೆ. ಬಿಸಿಲಿಗೆ ಹೆದರುವ ಜೀವವೇ ನನ್ನದು? ಆ ವರ್ಷವೇ ಕಾಕಾನ ತಂಗಿಯ ಮಗಳ ಜೊತೆ ನನ್ನ ಮದುವೆಯಾಯಿತು.

ಎರಡು ವರ್ಷದ ಮೇಲೆ ಹಳಿಯಾಳದ ಸಂತೆಯಲ್ಲಿ ಮೆಣಸಿನಕಾಯಿ ರಾಶಿಯ ಹತ್ತಿರ ಯಾರೋ “ಭಾವಜಿ!” ಎಂದರು. ವೈನಿ. ಅವರ ಗಂಡ ಕಾರ್ಖಾನೆ ಬಿಟ್ಟು, ಎಲ್ಲರೂ ಜೋಯಿಡಾಕ್ಕೆ ಮರಳಿದ್ದು ನನಗೆ ಗೊತ್ತಿತ್ತು. ನನ್ನ ಹೆಂಡತಿಯನ್ನು, ಅವ್ವನನ್ನು, ಆಗಷ್ಟೇ ಹುಟ್ಟಿದ ಕೂಸನ್ನು ಕೇಳಿದರು.

“ನಿಮ್ಮ ಮಗಳು?” ಎಂದೆ.

“ಸಾಲಿ ಬಿಟ್ಟಳ್ರಿ. ಅಷ್ಟ ದೂರ ನಡ್ಯಾಕ ಆಗ್ಲಿಲ್ಲ. ಮನಿಯಾಗ ಇರ್ತಾಳ.”

ಹೇಳಬೇಕಾದದ್ದು ಅಲ್ಲೇ, ಆ ಮಾತಿನ ಬೆನ್ನಿಗೆ. ಬಾಯಿ ತೆರೆದೆ. ಹೊರಗೆ ಬಂದದ್ದು, “ವೈನಿ, ಆ ಏಕಶಿಪ್ಪಿ ಹೆಂಗ ಮಾಡೂದು?”

ಅವರು ಒಂದು ಕ್ಷಣ ನನ್ನನ್ನು ನೋಡಿ, ಸಂತೆಯ ಗದ್ದಲದ ನಡುವೆ ನಿಂತು ಹೇಳತೊಡಗಿದರು. ಏಕಶಿಪ್ಪಿ ಹೇಳಿದರು. ಸುಕ್ಕೆ ಹೇಳಿದರು. ಸಾರಿಗೆ ಮುರುಗಲ ಯಾವಾಗ ಹಾಕಬೇಕು, ಚಿಪ್ಪು ತೆರೆಯುವಾಗ ಬಿಡುವ ನೀರನ್ನು ಯಾಕೆ ಚೆಲ್ಲಬಾರದು, ಬಾಯಿ ತೆರೆದ ಕೂಡಲೇ ಯಾಕೆ ಇಳಿಸಬೇಕು, ಬಾಯಿ ತೆರೆಯದ್ದನ್ನು ಯಾಕೆ ತಿನ್ನಬಾರದು, ರವೆ ಹಚ್ಚುವ ಮುಂಚೆ ಅರಿವೆಯಿಂದ ನೀರು ಹೇಗೆ ಒತ್ತಬೇಕು. ನಾನು ತಲೆ ಆಡಿಸುತ್ತ ನಿಂತಿದ್ದೆ.

“ಮದ್ಲ ಉಪ್ಪಾ ಹಾಕಬ್ಯಾಡ್ರಿ,” ಎಂದರು ಕೊನೆಗೆ. “ಅದು ಸಮುದ್ರದಿಂದ ತನ್ನ ಉಪ್ಪಾ ತಾನ ತಂದಿರತೈತಿ. ಅವತ್ತ ನೀವು ಹಾಕಿದ್ರಿ, ಹೌದಲ್ಲ?”

ಅವರ ದನಿಯಲ್ಲಿ ಕೊಂಕಿರಲಿಲ್ಲ. ಹೌದು ವೈನಿ ಎಂದಿದ್ದರೆ ಸಾಕಿತ್ತು. ಉಳಿದದ್ದು ಅದರ ಹಿಂದೆಯೇ ಬರುತ್ತಿತ್ತು.

“ಯಾವತ್ತ?” ಎಂದೆ.

ವೈನಿ ಚೀಲ ಎತ್ತಿಕೊಂಡರು. “ಬಸ್ಸಿನ ಹೊತ್ತಾತು, ಬರ್ತೇನ್ರಿ,” ಎಂದು ಹೊರಟರು. ಮತ್ತೆ ಅವರನ್ನು ಕಾಣಲಿಲ್ಲ. ಹುಡುಕಿದ್ದರೆ ಸಿಗುತ್ತಿದ್ದರು. ಜೋಯಿಡಾ ಎಷ್ಟು ದೂರ?

ಆಮೇಲೆ ಎಷ್ಟೋ ಜನರಿಗೆ ತಪ್ಪಾಯಿತು ಎಂದಿದ್ದೇನೆ: ಸಾಹೇಬರಿಗೆ, ಹೆಂಡತಿಗೆ, ಒಮ್ಮೆ ಬಸ್ಸಿನಲ್ಲಿ ನನ್ನ ಕಾಲನ್ನೇ ತುಳಿದ ಅಪರಿಚಿತನಿಗೆ ಕೂಡ. ಆ ಒಂದು ಮಾತನ್ನು ಹೇಳದೆ ಉಳಿಸಿಕೊಂಡದ್ದು ಒಬ್ಬರಿಗೆ ಮಾತ್ರ, ಪಕ್ಕದ ಖೋಲಿಯ ವೈನಿಗೆ.