ಅತ್ತಿಗೆ ಕೇಳುತ್ತಿದ್ದ ಪ್ರಶ್ನೆ

ನನ್ನ ಅತ್ತಿಗೆ ಅಕ್ಯುಪಂಕ್ಚರ್ ಮಾಡುವವಳು. ಓರಗೆಯವಳಾದ್ದರಿಂದ ನಮ್ಮಿಬ್ಬರಲ್ಲಿ ಬಹುವಚನವಿಲ್ಲ. ಬಸ್ ನಿಲ್ದಾಣದ ಹಿಂದೆ, ಚಪ್ಪಲಿ ಅಂಗಡಿಯ ಮಹಡಿಯಲ್ಲಿ ಅವಳ ಕೋಣೆ. ಎರಡು ಮಂಚ, ನಡುವೆ ಹಸಿರು ಪರದೆ. ಬೀದಿಯವರಿಗೆಲ್ಲ ಅವಳು ಸೂಜಿಯಮ್ಮ. ಕೂದಲೆಳೆಯಂಥ ಸೂಜಿ ಚುಚ್ಚಿ, ಬೆರಳಲ್ಲಿ ಮೆಲ್ಲಗೆ ತಿರುಗಿಸಿ, "ಈಗ ಹಗುರ ಆಯ್ತಲ್ವಾ?" ಎಂದು ಕೇಳುವುದು ರೂಢಿ. ಆಗಲಿಲ್ಲ ಎಂದವರನ್ನು ನಾನಂತೂ ಕಂಡಿಲ್ಲ.

ನನ್ನ ಅಣ್ಣನ ಬೆನ್ನುಮೂಳೆಗೆ ಕ್ಯಾನ್ಸರ್ ಹಬ್ಬಿದಾಗಲೂ ಅವಳು ಹಾಗೇ ಕೇಳಿದಳು. "ಹೂಂ ಕಣೇ, ಎಷ್ಟೋ ವಾಸಿ" ಎಂದು ಅವನೂ ಕಣ್ಣು ಮುಚ್ಚಿಕೊಂಡು ಹೇಳಿದ. ಆಸ್ಪತ್ರೆಯ ನೋವಿನ ಮಾತ್ರೆ ಅವನನ್ನು ಮಂಕು ಮಾಡುತ್ತದೆಂದು ಅವಳಿಗೆ ಸಿಟ್ಟು. ತನ್ನ ಸೂಜಿಯೇ ಸಾಕೆಂದು ಡಬ್ಬಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿಬಿಟ್ಟಳು. ಅಣ್ಣ ಹೋದ. ನೋವಿಲ್ಲದೆ ಹೋದ ಎಂಬುದೊಂದೇ ಅವಳಿಗೆ ಉಳಿದ ಸಮಾಧಾನ.

ಸೂಜಿಯಿಂದ ನೋವು ಇಳಿಯುವುದನ್ನು ನಾಲ್ಕು ಜನಕ್ಕೆ ತೋರಿಸಬೇಕೆಂದೇ ವೈದ್ಯಕೀಯ ಕಾಲೇಜಿನ ಸಂಶೋಧನೆಗೆ ಸೇರಿದಳು. ಬೆನ್ನುನೋವಿನವರಲ್ಲಿ ಅರ್ಧ ಜನಕ್ಕೆ ನಿಜವಾದ ಸೂಜಿ, ಉಳಿದವರಿಗೆ ಮೊಂಡು ಸೂಜಿ. ಮೊಂಡು ಸೂಜಿಯನ್ನು ಒತ್ತಿದರೆ ತುದಿ ಹಿಡಿಯೊಳಗೆ ಜಾರುತ್ತದೆ, ಚರ್ಮಕ್ಕೆ ಇಳಿಯುವುದಿಲ್ಲ. ತನಗೆ ಯಾವುದು ಎಂಬುದು ರೋಗಿಗೆ ತಿಳಿಯಬಾರದು. "ನಾಟಕದ ಚೂರಿ ಹಾಗಿದೆ ನೋಡು" ಎಂದು ನನಗೆ ತೋರಿಸಿ ನಕ್ಕಿದ್ದಳು.

ಮೊದಲ ದಿನವೇ ಅಲ್ಲಿಯ ಸಂಶೋಧಕಿ ತಡೆದಳಂತೆ. "ಮೇಡಂ, ಹಗುರ ಆಯ್ತಲ್ವಾ ಅಂತ ಕೇಳ್ಬೇಡಿ. ಅಷ್ಟು ಆಸೆಯಿಂದ ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ? ನಿಮ್ಮ ಮನಸ್ಸು ನೋಯಿಸಬಾರದು ಅಂತ ಹೂಂ ಅಂದ್ಬಿಡ್ತಾರೆ."

ಆಕೆ ಹೇಳಿದ್ದು ಸರಿಯೇ. ಆದರೂ ನನಗೆ ಇವತ್ತಿಗೂ ಆಕೆಯ ಮೇಲೆ ಕೋಪ. ಅವತ್ತಿನಿಂದ ಅತ್ತಿಗೆಯ ಊಟ ಅರ್ಧಕ್ಕಿಳಿಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ಕೊನೆಗೆ ಫಲಿತಾಂಶವೂ ಬಂತು. ಎರಡೂ ಗುಂಪಿನವರ ನೋವು ಇಳಿದಿತ್ತು, ಹೆಚ್ಚುಕಡಿಮೆ ಒಂದೇ ಸಮ.

ಆ ಸಂಜೆ ಅವಳು ನೇರ ನಮ್ಮ ಮನೆಗೆ ಬಂದಳು. ನೀರು ಕೊಟ್ಟರೆ ಕುಡಿಯಲಿಲ್ಲ.

"ಹಗಲೆಲ್ಲ ನಿಮ್ಮಣ್ಣನ ಹತ್ರ ಇರ್ತಿದ್ದವಳು ನೀನು. ನಾನು ಕೆಲಸಕ್ಕೆ ಹೋದ್ಮೇಲೆ ಹೇಗಿರ್ತಿದ್ರು? ನನ್ನಾಣೆ, ನಿಜ ಹೇಳು."

ಹೇಳಬಾರದೆಂದು ಅಣ್ಣ ನನ್ನಿಂದ ಭಾಷೆ ತೆಗೆದುಕೊಂಡಿದ್ದ. ಅವಳ ಮುಖ ನೋಡಿಕೊಂಡು ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ನೀನು ಮೆಟ್ಟಿಲು ಇಳಿಯೋದನ್ನೇ ಕಾಯ್ತಿದ್ದ, ಅತ್ತಿಗೆ. ಆಮೇಲೆ ಮಾತ್ರೆ ಕೇಳ್ತಿದ್ದ."

"ಕೊಟ್ಯಾ?"

"ಕೊಟ್ಟೆ. ದಿನಾ ಕೊಟ್ಟೆ."

ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನೀನಾದ್ರೂ ಕೊಟ್ಯಲ್ಲ, ನನ್ನ ತಾಯಿ" ಎಂದು ಬಿಕ್ಕಿದಳು. ನಾನೂ ಅತ್ತೆ. ತುಸು ಹೊತ್ತಾದ ಮೇಲೆ ಅವಳ ಹಿಡಿತ ಸಡಿಲವಾಯಿತು.

"ರಾತ್ರಿಯೆಲ್ಲ ಪಕ್ಕದಲ್ಲಿ ನಾನೇ ಇರ್ತಿದ್ದೆ" ಎಂದಳು. "ರಾತ್ರಿ ಯಾರು ಕೊಟ್ರು?"