ನೀರು ಕುಡಿಸುವ ಫಿಪೆ

ಮೆಲ್ಬರ್ನಿನ ಚಳಿಗಾಲ. ಆಸ್ಪತ್ರೆಯ ಏಳನೇ ಮಹಡಿಯ ಕಿಟಕಿಯಾಚೆ ಇನ್ನೂ ಬೆಳಕು ಹರಿದಿಲ್ಲ. ಕೆಳಗೆ ಮೊದಲ ಟ್ರಾಮು ಗಂಟೆ ಬಾರಿಸಿಕೊಂಡು ಹೋಗುತ್ತಿದೆ. ರಕ್ತದ ಕ್ಯಾನ್ಸರಿನ ವಾರ್ಡಿನಲ್ಲಿ ಸಹಾಯಕಿ ಫಿಪೆ ತೌಲೆಯಾಲೊ ತಳ್ಳುಗಾಡಿಯ ಮೇಲೆ ನೀರಿನ ಜಗ್ಗುಗಳನ್ನು ಜೋಡಿಸುತ್ತಿದ್ದಾರೆ. ಕೆಲವಕ್ಕೆ ನಿಂಬೆಹೋಳು, ಕೆಲವಕ್ಕೆ ಪುದೀನ, ಹಲ್ಲು ಜುಮ್ಮೆನ್ನುವವರಿಗೆ ಉಗುರುಬೆಚ್ಚಗಿನದು.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಥನಾಸಿಸ್. ಟ್ರಾಮು ಓಡಿಸಿ ನಿವೃತ್ತರಾದವರು, ವಯಸ್ಸು ಎಪ್ಪತ್ತೆಂಟು. ಕ್ಯಾನ್ಸರಿನ ಗಂಟುಗಳಿಂದ ಕುತ್ತಿಗೆ ಊದಿದೆ, ಅಂಗಿಯ ಮೇಲಿನ ಗುಂಡಿ ಹಾಕಲಾಗುವುದಿಲ್ಲ. ಗ್ರೀಕ್ ಅಜ್ಜಂದಿರನ್ನೆಲ್ಲ ಫಿಪೆ ‘ಪಪ್ಪೂ’ ಎಂದೇ ಕರೆಯುವುದು.

“ಕುಡಿದಾಯ್ತಾ ಪಪ್ಪೂ?”

“ಆಯ್ತು ಮಗಳೇ, ನೋಡು, ಜಗ್ಗು ಖಾಲಿ. ಇನ್ನೊಂದು ಲೋಟ ಕುಡಿದ್ರೆ ನನ್ನ ಹೊಟ್ಟೇಲಿ ದೋಣಿ ಬಿಡಬಹುದು.”

ಫಿಪೆ ನಗುತ್ತಾರೆ. ನಗುತ್ತಲೇ ಮಂಚದ ಬದಿಯ ಮೂತ್ರದ ಬಾಟಲಿ ಎತ್ತಿ ದೀಪಕ್ಕೆ ಹಿಡಿಯುತ್ತಾರೆ. ತಳದಲ್ಲಿ ಒಂದಿಷ್ಟೇ ಇದೆ, ಅದೂ ಕಡು ಚಹಾದ ಬಣ್ಣ. ನಗು ಅಲ್ಲಿಗೇ ನಿಲ್ಲುತ್ತದೆ.

ಇವತ್ತು ತಿಂಡಿಯ ಜೊತೆ ಥನಾಸಿಸ್ ಮೊದಲ ಮಾತ್ರೆ ನುಂಗಬೇಕು. ನಮ್ಮ ಜೀವಕೋಶಗಳೊಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ. ಕೋಶ ಕೆಟ್ಟರೆ ಆ ಒಲೆಗಳ ಗೋಡೆ ತೂತುಬಿದ್ದು ಕೋಶ ತಾನಾಗಿ ಸಾಯಬೇಕು, ಅದು ದೇಹದ ಕಟ್ಟಳೆ. ಥನಾಸಿಸ್ ಅವರ ಕ್ಯಾನ್ಸರ್ ಕೋಶಗಳು ಒಂದು ಪ್ರೊಟೀನನ್ನು ಕಾವಲಿಗಿಟ್ಟುಕೊಂಡು ಆ ಸಾವನ್ನು ತಪ್ಪಿಸಿಕೊಂಡಿವೆ. ಮಾತ್ರೆ ಕಾವಲುಗಾರನ ಕೈ ಕಟ್ಟುತ್ತದೆ. ಆಮೇಲೆ ಕೋಶಗಳು ರಾಶಿ ರಾಶಿಯಾಗಿ ಸಾಯುತ್ತವೆ. ಅಪಾಯ ಇರುವುದೂ ಅಲ್ಲೇ. ಅಷ್ಟೂ ಒಮ್ಮೆಗೇ ಒಡೆದರೆ ಅವುಗಳ ಒಳಗಿನ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯವನ್ನೇ ನಿಲ್ಲಿಸಬಹುದು, ಮೂತ್ರಪಿಂಡ ಕಟ್ಟಿಕೊಳ್ಳಬಹುದು. ಅದಕ್ಕೇ ಮಾತ್ರೆಯ ಪ್ರಮಾಣವನ್ನು ವಾರ ವಾರವೂ ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಅದಕ್ಕೇ ಎರಡು ದಿನ ಮೊದಲಿನಿಂದಲೇ ಈ ನೀರು, ಎಲ್ಲ ಮೂತ್ರದಲ್ಲಿ ಕೊಚ್ಚಿಹೋಗಲೆಂದು.

ಫಿಪೆ ಹುಟ್ಟಿದ್ದು ಸಮೋವಾದ ಸವಾಯಿ ದ್ವೀಪದಲ್ಲಿ. ಅವರ ಊರಿಗೆ ಹೊಳೆಯಿಲ್ಲ, ಬಿದ್ದ ಮಳೆಯನ್ನೆಲ್ಲ ಕಪ್ಪು ಲಾವಾ ಕಲ್ಲೇ ಕುಡಿದುಬಿಡುತ್ತದೆ. ಆಕ್ಲೆಂಡಿನಲ್ಲಿ ಮೀನು ಕತ್ತರಿಸಿ, ಇಲ್ಲಿಗೆ ಬಂದು ಇದೇ ಆಸ್ಪತ್ರೆಯ ಬಟ್ಟೆ ಒಗೆಯುವಲ್ಲಿ ಸೊಂಟ ಮುರಿದುಕೊಂಡು, ವಾರ್ಡಿಗೆ ಬಂದು ಹನ್ನೆರಡು ವರ್ಷ. ನಗರದಂಚಿನ ವೆರಿಬಿಯಿಂದ ಮೊದಲ ರೈಲು ಹಿಡಿಯುತ್ತಾರೆ. ದಿನಕ್ಕೆ ಮೂವತ್ತು ನಲವತ್ತು ಜಗ್ಗು. “ನಮ್ಮ ಭಾಷೇಲಿ ನೀರಿಗೆ ವೈ ಅಂತೀವಿ. ಔಷಧಿಗೆ ವೈಲಾಅವ್, ಗಿಡದ ನೀರು ಅಂತ. ನಮ್ಮಜ್ಜಿಗೆ ಎರಡೂ ಬೇರೆ ಅಂತ ಗೊತ್ತೇ ಇರ್ಲಿಲ್ಲ” ಎನ್ನುತ್ತಾರೆ.

ಫಿಪೆ ಪರದೆ ಎಳೆದು ಥನಾಸಿಸ್ ಪಕ್ಕದಲ್ಲಿ ಕೂರುತ್ತಾರೆ.

“ಸಿಂಕಿಗೆ ಸುರಿದ್ರಿ, ಅಲ್ವಾ?”

ಮುದುಕ ಕಿಟಕಿಯತ್ತ ತಿರುಗುತ್ತಾರೆ. “ಟ್ರಾಮ್ ಓಡಿಸೋವಾಗ ಕೊನೇ ಸ್ಟಾಪ್ ತನಕ ತಡ್ಕೊಂಡಿರ್ತಿದ್ದೋನು ನಾನು. ಮೊನ್ನೆ ಕಾರಿಡಾರಿನ ಕೊನೇಲಿರೋ ಆ ಬಾತ್‌ರೂಮಲ್ಲಿ ಯಾರೋ ಇದ್ರು. ಬಾಗಿಲಲ್ಲೇ ಆಗೋಯ್ತು. ಮಗಳ ಎದುರಿಗೆ. ಅವಳೇ ಬಗ್ಗಿ ಒರೆಸಿದ್ಲು.” ಫಿಪೆಯ ತೋಳು ಹಿಡಿದುಕೊಳ್ಳುತ್ತಾರೆ. “ಯಾರಿಗೂ ಹೇಳ್ಬೇಡ. ಮಾತ್ರೆ ನುಂಗ್ತೀನಿ, ಅಷ್ಟು ಸಾಲ್ದಾ?”

“ಸಾಲಲ್ಲ ಪಪ್ಪೂ. ಹೇಳ್ದೆ ಇರೋಕಾಗಲ್ಲ.”

“ಹಾಗಾದ್ರೆ ಇನ್ಮೇಲೆ ನನ್ನ ಮಾತಾಡಿಸ್ಬೇಡ.”

ಫಿಪೆ ಎದ್ದು ಹೋಗಿ ದಾದಿ ಬ್ರಾನ್ವೆನ್‌ಗೆ ಹೇಳುತ್ತಾರೆ. ಮಾತ್ರೆ ತಟ್ಟೆಯಿಂದ ವಾಪಸ್ಸು ಹೋಗುತ್ತದೆ, ತೋಳಿಗೆ ಡ್ರಿಪ್ ಏರುತ್ತದೆ. ಥನಾಸಿಸ್ ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಒಲ್ಲದ ಮನುಷ್ಯನ ಮಾನ ಬಯಲಿಗಿಟ್ಟು ಬಂದ ಸಂಕಟ ಫಿಪೆಯ ಮುಖದ ಮೇಲೆ ದಿನವಿಡೀ ಹಾಗೇ ಇರುತ್ತದೆ. ಆದರೂ ಎಲ್ಲಿಂದಲೋ ಒಂದು ಕಮೋಡ್ ಕುರ್ಚಿ ತಂದು ಅವರ ಮಂಚದ ಪಕ್ಕ ಇಡುತ್ತಾರೆ.

ಮರುದಿನ ಬೆಳಿಗ್ಗೆ ಮಾತ್ರೆ. ಮಧ್ಯಾಹ್ನದ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಏರಿದೆ. ಹೃದಯದ ಬಡಿತ ನೋಡಲು ಎದೆಗೆ ತಂತಿ ಅಂಟಿಸುತ್ತಾರೆ, ವೈದ್ಯರು ಬಂದು ಬಂದು ನೋಡುತ್ತಾರೆ. ಕೆಲಸದ ಹೊತ್ತು ಮುಗಿದರೂ ಫಿಪೆ ಮನೆಗೆ ಹೋಗುವುದಿಲ್ಲ. ಲೋಟ ಹಿಡಿಯುತ್ತಾರೆ, ಮುದುಕ ಮಾತಿಲ್ಲದೆ ಕುಡಿಯುತ್ತಾರೆ. ಕುರ್ಚಿಗೆ ಹೋಗಬೇಕಾದಾಗ ಫಿಪೆ ಪರದೆಯ ಹೊರಗೆ ಬೆನ್ನು ಹಾಕಿ ನಿಂತು, ತಮ್ಮೂರ ಚರ್ಚಿನ ಹಾಡನ್ನು ಗಟ್ಟಿಯಾಗಿ ಹಾಡುತ್ತಾರೆ. ಒಳಗಿನ ಸದ್ದು ಯಾರ ಕಿವಿಗೂ ಬೀಳಬಾರದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಪೊಟ್ಯಾಸಿಯಂ ಇಳಿಯತೊಡಗುತ್ತದೆ. ಥನಾಸಿಸ್ ಆಗಲೂ ಮಾತಾಡುವುದಿಲ್ಲ.

ಐದನೇ ವಾರದ ಮಾತ್ರೆಗೆ ಅವರು ಮನೆಯಿಂದ ಬಂದಾಗ ಕುತ್ತಿಗೆಯ ಗಂಟುಗಳು ಕರಗಿವೆ, ಅಂಗಿಯ ಕಾಲರಿನ ಗುಂಡಿ ಹಾಕಿದೆ. ಬಾಗಿಲಲ್ಲೇ ನಿಂತು ಬ್ರಾನ್ವೆನ್‌ರನ್ನು ಕೇಳುತ್ತಾರೆ: “ಆ ಹಾಡುಗಾತಿ ಎಲ್ಲಿ? ಕತ್ತೆ ಸ್ವರ ಅವಳದು. ಆದ್ರೂ ಕರೀರಿ, ಅವಳ ಕೈಯಲ್ಲೇ ಕುಡೀಬೇಕು.”

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ಕೆಲವರಲ್ಲಿ ಕ್ಯಾನ್ಸರ್ ಕೋಶಗಳು ಬೇರೊಬ್ಬ ಕಾವಲುಗಾರನನ್ನು ಹುಡುಕಿಕೊಂಡು ಮರಳುತ್ತವೆ. ಅಂಥವರ ಅಂತ್ಯಕ್ರಿಯೆಗೆ ಫಿಪೆ ರಜೆ ಹಾಕಿ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಾರೆ. “ಮಾತ್ರೆ ಕಂಡುಹಿಡಿದೋರು ದೊಡ್ಡೋರು. ಅವರಿಗೆ ದೇವರು ಒಳ್ಳೇದು ಮಾಡ್ಲಿ. ಸತ್ತದ್ದನ್ನ ಮೈಯಿಂದ ಹೊರಗೆ ಹಾಕೋಕೂ ಯಾರಾದ್ರೂ ಬೇಕಲ್ಲ, ಅದು ನಾನು.”

ಮುಂದಿನ ವರ್ಷ ಈ ವಾರ್ಡನ್ನು ದಾನಿಗಳ ಹಣದಿಂದ ಹೊಸದಾಗಿ ಕಟ್ಟುತ್ತಾರಂತೆ. ನಿಮಗೇನು ಬೇಕು ಎಂದರೆ ಫಿಪೆ ಖಾಲಿ ಜಗ್ಗುಗಳನ್ನು ಒಂದರೊಳಗೊಂದು ಸೇರಿಸುತ್ತಾ ಹೇಳುತ್ತಾರೆ: “ಪ್ರತಿ ಹಾಸಿಗೆ ಪಕ್ಕ ಒಂದು ಪಾಯಿಖಾನೆ. ಬಾಗಿಲ ಮೇಲೆ ಯಾರ ಹೆಸರು ಬೇಕಾದ್ರೂ ಬರ್ಕೊಳ್ಳಿ.”