ಫಿರಂಗಿಯ ಬಳಿ ಕೊಟ್ಟ ಮಾತು

ದೆವ್ವ, ಭೂತ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಕಣ್ಣಿಗೆ ಕಾಣದ ಸರಕನ್ನು ನಾನು ಕೊಂಡವನೂ ಅಲ್ಲ, ಮಾರಿದವನೂ ಅಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಿಮಗೇನಾದರೂ ಹೊಳೆದರೆ ನನಗೂ ತಿಳಿಸಿ.

ಎಂಬತ್ತರ ದಶಕದ ನಡುವಿನ ಮಾತು. ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿನಲ್ಲಿ ಒಂದು ಗೋದಾಮು ಹಿಡಿದು, ಮದುವೆ ಪಾರ್ಟಿಗಳಿಗೆ ಕುರ್ಚಿ, ಟೆಂಟು ಬಾಡಿಗೆಗೆ ಕೊಡುತ್ತಿದ್ದೆ. ನಾನು, ನನ್ನ ಹೆಂಡತಿ ಶಾರದಾ, ಒಂದು ಹಳೇ ವ್ಯಾನು, ಇಷ್ಟೇ ನಮ್ಮ ಕಂಪನಿ. ಆ ವರ್ಷ, ಹಳೇ ಯುದ್ಧಗಳನ್ನು ಅಭಿನಯಿಸಿ ತೋರಿಸುವ ಒಂದು ಹವ್ಯಾಸಿ ಸಂಘದಿಂದ ಕುರ್ಚಿ ಬೇಕೆಂದು ಕರೆ ಬಂತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಕೊಲ್ಲಿಯ ಪಕ್ಕದ ಗುಡ್ಡದ ಮೇಲೆ ಕಾವಲಿದ್ದ ಒಂದು ಫಿರಂಗಿ ದಳದ ವಾರ್ಷಿಕ ಸ್ಮರಣೆ. ಅಲ್ಲಿ ಯುದ್ಧವೇನೂ ನಡೆದಿರಲಿಲ್ಲ. ಅಭ್ಯಾಸದ ವೇಳೆ ಮದ್ದು ಸಿಡಿದು ಸತ್ತವರಿದ್ದರು. ಆ ನೆಲೆಯನ್ನು ಇದ್ದ ಹಾಗೆಯೇ ಉಳಿಸಿದ್ದಾರೆ.

ಸಂಘದವರು ಹಳೇ ಕಾಲದ ನೀಲಿ ಉಣ್ಣೆಯ ಸಮವಸ್ತ್ರ ತೊಟ್ಟು, ಗುಂಡಿಲ್ಲದೆ ಬರೀ ಮದ್ದು ತುಂಬಿ ಫಿರಂಗಿ ಹಾರಿಸಿದರು. ಅವರ ಮುಖ್ಯಸ್ಥ ಒಂದು ಸಂಗತಿ ವಿವರಿಸಿದ. ಫಿರಂಗಿಯ ಹಿಂಭಾಗದಲ್ಲಿ ಒಂದು ಸಣ್ಣ ತೂತು. ಮದ್ದು ತುಂಬುವಾಗ ಒಬ್ಬ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಬಿಟ್ಟರೆ ಗಾಳಿ ಹೊಕ್ಕು ಹಿಂದಿನ ಸಲ ಒಳಗುಳಿದ ಕಿಡಿ ಹೊತ್ತಿಕೊಳ್ಳುತ್ತದೆ, ಎದುರು ನಿಂತು ಮದ್ದು ತುಂಬುವವನ ಜೀವ ಹೋಗುತ್ತದೆ. ಬೆರಳು ಸುಟ್ಟರೂ ತೆಗೆಯುವಂತಿಲ್ಲ. ಮದ್ದು ಸಿಡಿದ ಆ ದಿನ ದಳದವನೊಬ್ಬ ತೆಗೆದುಬಿಟ್ಟಿದ್ದನಂತೆ.

ಸಂಜೆ ಎಲ್ಲರೂ ಹೊರಟುಹೋದರು. ಕೊಲ್ಲಿಯಿಂದ ಮಂಜು ಏರಿಬಂತು. ಶಾರದಾ ಕೆಳಗೆ ವ್ಯಾನಿಗೆ ಕುರ್ಚಿ ತುಂಬುತ್ತಿದ್ದಳು. ಉಳಿದವನ್ನು ತರಲು ನಾನು ಮೇಲೆ ಹೋದೆ. ಫಿರಂಗಿಯ ಹಿಂದೆ ಸಮವಸ್ತ್ರದ ಮನುಷ್ಯನೊಬ್ಬ ತೂತಿನ ಮೇಲೆ ಹೆಬ್ಬೆರಳು ಒತ್ತಿ ನಿಂತಿದ್ದ.

"ಸಾಕಾಗಿದೆ. ನನ್ನ ಜಾಗಕ್ಕೆ ಯಾರಾದರೂ ಬಂದರೆ ಬಿಡುಗಡೆ," ಎಂದ ಇಂಗ್ಲಿಷಿನಲ್ಲಿ.

ನಾಟಕ ಇನ್ನೂ ಮುಗಿದಿಲ್ಲವೆಂದುಕೊಂಡು ನಕ್ಕೆ. ಕುರ್ಚಿಗಳನ್ನೆತ್ತಿಕೊಂಡು ಹೊರಡುವಾಗ ನಮ್ಮ 'ಬರ್ತೀನಿ'ಯನ್ನೇ ಇಂಗ್ಲಿಷಿಗೆ ತಿರುಗಿಸಿ, "ಐ ವಿಲ್ ಕಮ್" ಅಂದುಬಿಟ್ಟೆ.

ಅವನ ಮುಖ ಅರಳಿತು. "ಮುಂದಿನ ವರ್ಷ?"

ಮುಂದಿನ ವರ್ಷದ ಬುಕಿಂಗು ಇಲ್ಲೇ ಸಿಕ್ಕಿತೆಂದು ತಿಳಿದು, "ಖಂಡಿತ" ಎಂದು ಕೈ ಕುಲುಕಿದೆ. ಆ ಕೈ ಒಲೆಯಿಂದ ಈಗಷ್ಟೇ ಇಳಿಸಿದ ಕಾವಲಿಯಷ್ಟು ಸುಡುತ್ತಿತ್ತು. ಬೆಚ್ಚಿ ಕೈ ಎಳೆದುಕೊಂಡೆ. ಬಿದ್ದ ಕುರ್ಚಿಗಳನ್ನು ಎತ್ತಿಕೊಂಡು ನೋಡಿದರೆ ಅಲ್ಲಿ ಯಾರೂ ಇಲ್ಲ.

"ಯಾಕ್ರೀ, ಮಾರಿ ಹಿಂಗ ಬಿಳಚಿಕೊಂಡದ?" ಎಂದಳು ಶಾರದಾ. ಅವಳು ಹುಬ್ಬಳ್ಳಿಯವಳು. ಹೇಳಿದೆ.

"ಅಯ್ಯ ನಿಮ್ಮ! ಸತ್ತವರ ಜಾಗದಾಗ ಯಾರರ ಬರ್ತೀನಿ ಅಂತಾರೇನ್ರೀ? ಸುಮ್ನ ತಿರುಗಿ ನೋಡದ ಬರಬೇಕು. ನೀವು ಅಲ್ಲೂ ಆರ್ಡರು ಹಿಡದು ಬಂದ್ರಿ!"

ಮರುದಿನ ಮುಖ್ಯಸ್ಥನನ್ನು ವಿಚಾರಿಸಿದೆ. ತಾವೆಲ್ಲ ಒಂದೇ ಬಸ್ಸಿನಲ್ಲಿ ಹೊರಟೆವು, ಹಿಂದೆ ಯಾರೂ ಉಳಿದಿರಲಿಲ್ಲ ಎಂದ. ಹೊಸದಾಗಿ ವ್ಯಾಪಾರಕ್ಕಿಳಿದವರಿಗೆ ಒಂದು ಮಾತು: 'ಆಗಲಿ' ಎನ್ನುವ ಮೊದಲು ಎದುರಿನವನು ಏನು ಕೇಳುತ್ತಿದ್ದಾನೆಂದು ಎರಡು ಸಲ ಕೇಳಿಕೊಳ್ಳಿ. ಆ ವರ್ಷವಿಡೀ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಮರುವರ್ಷ ಸಂಘದವರು ಕರೆದಾಗ ವಾಲ್ನಟ್ ಕ್ರೀಕ್ ಎಂಬ ಊರಿನಲ್ಲಿ ಮದುವೆಯಿದೆ ಎಂದು ಸುಳ್ಳು ಹೇಳಿದೆ. ಸ್ಮರಣೆಯ ದಿನ ಬೆಳಿಗ್ಗೆಯಿಂದ ನಾನು, ಶಾರದಾ ಗೋದಾಮಿನ ಬಾಗಿಲು ಹಾಕಿಕೊಂಡು ಕುರ್ಚಿ ತೊಳೆಯುತ್ತಿದ್ದೆವು. ನಾನು ಹಿತ್ತಲಿಗೆ ಹೋದರೂ ಅವಳು ಹಿಂದೆಯೇ ಬರುತ್ತಿದ್ದಳು. ಸಂಜೆಯಾದಾಗ, ಸದ್ಯ ದಿನ ಕಳೆಯಿತೆಂದು ಇಬ್ಬರೂ ಕಾಫಿಗೆ ಕೂತೆವು. ಫೋನು ಬಂತು. ಮುಖ್ಯಸ್ಥ.

"ಬರೋಲ್ಲ ಅಂದು ಬಂದೇಬಿಟ್ಟೆಯಲ್ಲ! ಆ ಸಮವಸ್ತ್ರ ಎಲ್ಲಿ ಸಿಕ್ಕಿತು ನಿನಗೆ? ನಾವು ಹೊರಟಾಗ ನಿನ್ನ ಮುಖ ಸ್ಪಷ್ಟವಾಗಿ ಕಂಡಿತು, ಎಷ್ಟು ಕೂಗಿದರೂ ಓಗೊಡಲಿಲ್ಲ, ಫಿರಂಗಿ ಬಿಟ್ಟು ಅಲುಗಲಿಲ್ಲ. ಕ್ಷೇಮವಾಗಿ ಮನೆ ಸೇರಿದೆ ತಾನೆ?"

ಸೇರಿದ್ದೇನೆ ಎಂದೆ.

ಅವನು ನೋಡಿದ್ದು ಯಾರನ್ನು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಒಮ್ಮೆ ಹೋಗಿ ನೋಡಿಬಂದರೆ ಅನುಮಾನ ಬಗೆಹರಿಯುತ್ತದೆ ಎನ್ನುತ್ತಾರೆ ಸ್ನೇಹಿತರು. ಗುಡ್ಡ ಇಲ್ಲೇ ಇದೆ, ಫ್ರೀವೇಯಲ್ಲಿ ಒಂದು ಗಂಟೆಯ ದಾರಿ. ಅಲ್ಲಿ ಯಾರೂ ಇಲ್ಲದಿದ್ದರೆ ಒಳ್ಳೆಯದೇ. ಇದ್ದರೆ, ಆ ಮುಖ ನೋಡುವ ಧೈರ್ಯ ನನಗಿಲ್ಲ.